ಹತ್ತೊಂಬತ್ತನೇ ಪುಟದ ಹಕ್ಕಿ

ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ತೆರೆದ ಮರುವರ್ಷದ ಸಂಗತಿ ಇದು. ಮಕ್ಕಳ ಪುಸ್ತಕಗಳಿಗೆ ಬರೆಯುವ, ಚಿತ್ರ ಬಿಡಿಸುವ ಕೆಲಸಕ್ಕೆ ನಾನು ಇಳಿದು ಆಗ ಇಪ್ಪತ್ತೊಂದು ವರ್ಷ ಆಗಿತ್ತು. ಮೂಡುಬಿದಿರೆ ಪೇಟೆಯಿಂದ ಸ್ವಲ್ಪ ಹೊರಗೆ ನಮ್ಮ ಮನೆ. ಅಡುಗೆಮನೆಗೆ ತಾಗಿದ ಕೋಣೆಯೇ ನನ್ನ ಕಚೇರಿ. ತಿಂಡಿಯ ಪಾತ್ರೆ ತೊಳೆದು ಒಂಬತ್ತೂವರೆಗೆ ಕುಳಿತರೆ ಮಧ್ಯಾಹ್ನ ಕುಕ್ಕರ್ ಕೂಗುವವರೆಗೆ ಕೆಲಸ, ಮತ್ತೆ ಮೂರರಿಂದ ಬೆಳಕು ಇಳಿಯುವವರೆಗೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಕತ್ತಲಾದ ಮೇಲೆ ಕುಂಚ ಮುಟ್ಟುವುದಿಲ್ಲ. ಆ ದಿನ ಏನು ಕೆಲಸ ಆಯಿತು ಎಂದು ಡೈರಿಯಲ್ಲಿ ಒಂದೆರಡು ಸಾಲು ಬರೆದಿಡುವುದು ಮೊದಲಿನಿಂದಲೂ ಅಭ್ಯಾಸ. ಇಲ್ಲಿ ಹೇಳುವ ವಾರ, ತಿಂಗಳು, ಲೆಕ್ಕವೆಲ್ಲ ಆ ಡೈರಿಯಿಂದ ತೆಗೆದದ್ದು.

ಬಂಟ್ವಾಳದ ಸದಾಶಿವ ಮಾಸ್ತರು ನಿವೃತ್ತ ಶಿಕ್ಷಕರು. ಹಳ್ಳಿಯ ಶಾಲೆಗಳಿಗೆಂದು ವರ್ಷಕ್ಕೆ ಒಂದೋ ಎರಡೋ ಚಿತ್ರಪುಸ್ತಕ ಪ್ರಕಟಿಸಿ ಉಚಿತವಾಗಿ ಹಂಚುತ್ತಿದ್ದರು. ಆ ವರ್ಷ ನಮ್ಮ ಗುಡ್ಡೆಗಳಲ್ಲಿ ಸಿಗುವ ಹಣ್ಣುಗಳ ಬಗ್ಗೆ ಒಂದು ಪುಸ್ತಕ ಮಾಡಬೇಕೆಂದು ನಿರ್ಧರಿಸಿದೆವು. ಕುಂಟಾಲ, ಕೇಪುಳ, ನೆಲ್ಲಿ, ಪುನರ್ಪುಳಿ, ಹೆಬ್ಬಲಸು ಹೀಗೆ ಹನ್ನೆರಡು ಹಣ್ಣು. ಎರಡು ವರ್ಷ ಮನೆಯೊಳಗೆ ಮೊಬೈಲು ನೋಡಿಕೊಂಡು ಕುಳಿತ ಮಕ್ಕಳನ್ನು ಹೊರಗೆ ಕರೆಯಬೇಕು ಎಂಬುದೇ ಉದ್ದೇಶ. ‘ಗುಡ್ಡೆಗೆ ಹೋಗುವ’ ಎಂದು ಹೆಸರಿಟ್ಟೆವು. ಇಪ್ಪತ್ತನಾಲ್ಕು ಪುಟ, ಆರುನೂರು ಪ್ರತಿ.

ಇಂಥ ಪುಸ್ತಕಕ್ಕೆ ಮೊದಲು ಒಂದು ಡಮ್ಮಿ ಮಾಡುತ್ತೇವೆ. ಬಿಳಿ ಹಾಳೆಗಳನ್ನು ಪುಸ್ತಕದ ಅಳತೆಗೆ ಮಡಚಿ ಹೊಲಿದು, ಯಾವ ಪುಟದಲ್ಲಿ ಯಾವ ಚಿತ್ರ, ಎಲ್ಲಿ ಅಕ್ಷರ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿದ ಕಚ್ಚಾ ಪುಸ್ತಕ ಅದು. ಹದಿನೆಂಟು ಮತ್ತು ಹತ್ತೊಂಬತ್ತನೇ ಪುಟಗಳನ್ನು ನಾನು ಒಂದೇ ಚಿತ್ರವಾಗಿ ಹರಡಿದ್ದೆ. ಎಡಗಡೆ ಇಬ್ಬರು ಮಕ್ಕಳು ಕಲ್ಲಿನ ಮೇಲೆ ಪುನರ್ಪುಳಿ ಜಜ್ಜಿ, ಸಕ್ಕರೆ ಹಾಕಿ ಶರಬತ್ತು ಮಾಡುತ್ತಿದ್ದಾರೆ. ಬಲಗಡೆ ಗುಡ್ಡೆಯ ಇಳಿಜಾರು, ಮೇಲೆ ಖಾಲಿ ಆಕಾಶ.

ಡಮ್ಮಿ ನೋಡಲು ಬಂದ ಮಾಸ್ತರು ಚಹಾ ಕುಡಿಯುತ್ತಾ ಆ ಆಕಾಶದ ಮೇಲೆ ಬೆರಳಿಟ್ಟರು.

“ಈ ಮೂಲೆ ಬೋಳು ಬೋಳು ಕಾಣ್ತದಲ್ಲ ಸುಮತಿ ಅವರೇ. ಎಂತಾದರೂ ಒಂದು ಇಡುವ. ಸ್ವಲ್ಪ ಬೆಚ್ಚಗಿನ ಬಣ್ಣದ್ದು.”

ನನಗೂ ಹಾಗೇ ಅನಿಸಿತ್ತು. ಹಿಂದಿನ ವರ್ಷ ಮಿಜಾರಿನ ಹತ್ತಿರ ಒಂದು ಮರದಲ್ಲಿ ಮಂಗಟ್ಟೆ ಹಕ್ಕಿ ಕುಳಿತು ಹಣ್ಣು ತಿನ್ನುವುದನ್ನು ನಾನು ಇಪ್ಪತ್ತು ನಿಮಿಷ ನಿಂತು ನೋಡಿದ್ದೆ, ಸ್ಕೆಚ್ ಮಾಡಿಕೊಂಡಿದ್ದೆ. ದೊಡ್ಡ ಕೊಕ್ಕಿನ ತುದಿಯಲ್ಲಿ ಕಿತ್ತಳೆ ಬಣ್ಣದ ದುಂಡು ಹಣ್ಣು. ಆ ಸ್ಕೆಚ್ ತೆಗೆದು ಮೂಲೆಗೆ ಕೂರಿಸಿದೆ. ಕೊಂಬೆ, ಎಲೆಯ ಮೇಲಿನ ನರ, ನಾಲ್ಕು ಹಣ್ಣು, ಅವುಗಳಲ್ಲಿ ಒಂದು ಒಡೆದು ಒಳಗಿನ ಬಿಲ್ಲೆಯಂಥ ಬೀಜ ಕಾಣುವ ಹಾಗೆ. ಆ ದಿನದ ಡೈರಿಯಲ್ಲಿ ಹೀಗಿದೆ: ‘ಮಂಗಟ್ಟೆ ಮುಗಿಯಿತು. ಮೂಲೆ ಚೆನ್ನಾಗಿ ತುಂಬಿತು.’

ಆ ಮರ ಕಾಸರಕ. ತುಳುವಿನಲ್ಲಿ ಕಾಯರ್. ನಮ್ಮ ಸೀಮೆಯಲ್ಲಿ ಅದರ ಭಯ ಗೊತ್ತಿಲ್ಲದ ಹಿರಿಯರಿಲ್ಲ. ಆಟಿ, ಅಂದರೆ ಆಷಾಢದ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆ ಕೆತ್ತಿ ತಂದು ಕಷಾಯ ಕುಡಿಯುತ್ತೇವಷ್ಟೆ, ಕತ್ತಲಲ್ಲಿ ಗೊತ್ತಾಗದೆ ಪಾಲೆಯ ಬದಲು ಕಾಸರಕ ತಂದರೆ ಮನೆಮಂದಿಯೇ ಹೋಗುತ್ತಾರೆ ಎಂದು ನನ್ನ ಅಜ್ಜಿ ಪ್ರತಿ ಆಟಿಗೂ ಹೇಳುತ್ತಿದ್ದರು. ನನಗೂ ಅದು ತಿಳಿದಿತ್ತು. ತಿಳಿದೇ ಬಿಡಿಸಿದೆ. ಹಕ್ಕಿ ಅದನ್ನು ತಿನ್ನುವುದು ಸತ್ಯ, ನಾನು ಕಣ್ಣಾರೆ ಕಂಡದ್ದು. ಅದರ ತಿರುಳು ತಿಂದು ಬೀಜ ಉಗುಳುವ ಹಕ್ಕಿಗೆ ಏನೂ ಆಗುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬಿಡಿಸಿದೆ ಎಂಬ ಹೆಮ್ಮೆಯೂ ಸಣ್ಣದಾಗಿ ಇತ್ತು.

ಪುಸ್ತಕದಲ್ಲಿ ತಪ್ಪು ಇರಬಾರದೆಂದು ನಾವು ಒಬ್ಬ ಸಸ್ಯಶಾಸ್ತ್ರದ ಉಪನ್ಯಾಸಕರಿಗೆ ಪ್ರೂಫ್ ಕಳುಹಿಸಿದೆವು. ಹನ್ನೆರಡು ಹಣ್ಣುಗಳ ಹೆಸರು, ವಿವರಣೆ, ಪ್ರತಿ ಹಣ್ಣಿನ ಬಿಡಿ ಚಿತ್ರ ಎಲ್ಲವನ್ನೂ ಅವರು ಎರಡೆರಡು ಸಲ ನೋಡಿದರು. ಹದಿನೆಂಟು ಹತ್ತೊಂಬತ್ತನೇ ಪುಟ ಕಳುಹಿಸಲಿಲ್ಲ. ಅದರಲ್ಲಿ ಪರೀಕ್ಷಿಸಬೇಕಾದ ಹೆಸರು ಇರಲಿಲ್ಲ. ನಮ್ಮ ವೃತ್ತಿಯಲ್ಲಿ ಪರಿಶೀಲನೆ ನಡೆಯುವುದು ಹೆಸರಿದ್ದ ವಸ್ತುಗಳಿಗೆ. ಹಿನ್ನೆಲೆಗೆ ಹೆಸರಿರುವುದಿಲ್ಲ.

ಡಿಸೆಂಬರ್‌ನಲ್ಲಿ ಪುಸ್ತಕ ಬಂತು. ವೇಣೂರಿನಿಂದ ಪೊಳಲಿಯವರೆಗೆ ಹದಿಮೂರು ಶಾಲೆಗಳ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಐನೂರ ನಲವತ್ತು ಪ್ರತಿ ಹಂಚಿದೆವು. ಅರವತ್ತು ಮಾಸ್ತರರ ಮನೆಯಲ್ಲಿ ಉಳಿಯಿತು. ಪ್ರತಿ ಮಗುವಿಗೂ ಸ್ವಂತ ಪ್ರತಿ, ಮನೆಗೆ ಒಯ್ಯಬಹುದು. ಕೆಲವು ಶಾಲೆಗಳಿಗೆ ನಾನೇ ಹೋಗಿ ಓದಿ ಹೇಳಿದೆ.

ವೇಣೂರಿನಿಂದ ಆಚೆ ಒಂದು ಸಣ್ಣ ಶಾಲೆ. ಅಲ್ಲಿಯ ವಿನಯಾ ಟೀಚರ್ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿದ್ದರು. ಓದಿ ಮುಗಿದ ಮೇಲೆ ಮಕ್ಕಳೆಲ್ಲ ನನ್ನ ಸಹಿಗೆ ಮುತ್ತಿಕೊಂಡರು. ಹನ್ನೆರಡೂವರೆಯ ಬಸ್ಸು ತಪ್ಪಿದರೆ ಮತ್ತೆ ಎರಡು ಗಂಟೆಯವರೆಗೆ ಬಸ್ಸಿಲ್ಲ. ನಾನು ತಲೆ ಎತ್ತದೆ ಸಹಿ ಹಾಕುತ್ತಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು, ಪ್ರತೀಕ್ಷಾ ಎಂದು ಆಮೇಲೆ ತಿಳಿದದ್ದು, ಹತ್ತೊಂಬತ್ತನೇ ಪುಟ ಬಿಡಿಸಿ ಹಿಡಿದು ಕೇಳಿದಳು.

“ಟೀಚರ್, ಇದಕ್ಕೆ ಹೆಸರು ಬರೆಯಲಿಲ್ಲ. ಇದು ಯಾವ ಹಣ್ಣು?”

“ಅದು ಹಕ್ಕಿಯ ಹಣ್ಣು, ಪುಟ್ಟ,” ಎಂದೆ. ಸಹಿ ಹಾಕಿ ಪುಸ್ತಕ ಕೊಟ್ಟೆ. ಬಸ್ಸು ಸಿಕ್ಕಿತು.

ಫೆಬ್ರವರಿಯ ಒಂದು ಶನಿವಾರ. ಮಧ್ಯಾಹ್ನ ಎರಡೂ ಮುಕ್ಕಾಲಿಗೆ ವಿನಯಾ ಟೀಚರ್ ವಾಟ್ಸಾಪಿನಲ್ಲಿ ಒಂದು ಫೋಟೋ ಕಳುಹಿಸಿದರು. ನನ್ನದೇ ಪುಟ. ಕಿತ್ತಳೆ ಹಣ್ಣಿನ ಮೇಲೆ ಮಗುವೊಂದರ ಬೆರಳು, ಉಗುರಿನಲ್ಲಿ ಅರ್ಧ ಹೋದ ಮೆಹಂದಿ. ಕೆಳಗೆ ಒಂದೇ ಸಾಲು: ‘ಅಕ್ಕ, ಇದು ಯಾವುದು, ಬೇಗ ಹೇಳಿ, ಮಗು ತಿಂದಿದೆ.’

ಬರೆಯುತ್ತಾ ಕೂರದೆ ಫೋನ್ ಮಾಡಿದೆ. ಕಾಸರಕ ಎಂದೆ. ಆ ಕಡೆಯಿಂದ ಅವರು “ಕಾಯರಾ?” ಎಂದು ಒಮ್ಮೆ ಕೇಳಿದರು, ಮತ್ತೆ ಫೋನು ಕಡಿದು ಹೋಯಿತು.

ನಡೆದದ್ದು ಇಷ್ಟು. ಶನಿವಾರ ಅರ್ಧ ದಿನ ಶಾಲೆ. ಪ್ರತೀಕ್ಷಾ ಮನೆಗೆ ಬಂದು, ಐದು ವರ್ಷದ ತಂಗಿ ಶ್ರಾವ್ಯಳನ್ನು ಕರೆದುಕೊಂಡು ಮನೆಯ ಹಿಂದಿನ ಗುಡ್ಡೆಗೆ ಹೋಗಿದ್ದಾಳೆ. ಪುಸ್ತಕ ನೋಡಿ ಶರಬತ್ತು ಮಾಡುವ ಆಸೆ. ಆದರೆ ಪುನರ್ಪುಳಿ ಹಣ್ಣಾಗುವುದು ಏಪ್ರಿಲ್ ಕಳೆದ ಮೇಲೆ. ನಾವು ಪುಸ್ತಕ ಹಂಚಿದ್ದು ಡಿಸೆಂಬರ್‌ನಲ್ಲಿ. ಫೆಬ್ರವರಿಯ ಗುಡ್ಡೆಯಲ್ಲಿ, ಅದೇ ಚಿತ್ರದಲ್ಲಿದ್ದು, ಹಣ್ಣಾಗಿ ಕೆಳಗೆ ಬಿದ್ದು ಸಿಕ್ಕುವ ಹಣ್ಣು ಒಂದೇ. ಎಂಟು ವರ್ಷದ ಹುಡುಗಿ ಸರಿಯಾಗಿಯೇ ಯೋಚಿಸಿದ್ದಳು. ಚಿತ್ರದ ಮಕ್ಕಳ ಹಾಗೆ ಬೀಜ ಸಮೇತ ಕಲ್ಲಿನಲ್ಲಿ ಜಜ್ಜಿದಳು. ತಾಯಿಯ ಹತ್ತಿರ ಸಕ್ಕರೆ ಕೇಳಿ ತಂದಳು. ತಾನು ಒಂದು ಗುಟುಕು ಕುಡಿದು ಕಹಿ ಎಂದು ಉಗುಳಿದಳು. ತಂಗಿಯ ಲೋಟಕ್ಕೆ ಇನ್ನೂ ಎರಡು ಚಮಚ ಸಕ್ಕರೆ ಹಾಕಿದಳು.

ಅರ್ಧ ಗಂಟೆಯೊಳಗೆ ಮಗುವಿಗೆ ಸೆಳೆತ ಶುರುವಾಯಿತು. ಅಲ್ಲೇ ಹತ್ತಿರ ಮನೆಯಿದ್ದ ವಿನಯಾ ಟೀಚರ್ ನನಗೆ ಫೋಟೋ ಕಳುಹಿಸಿ, ರಿಕ್ಷಾ ಮಾಡಿಸಿ ತಾಯಿಯೊಂದಿಗೆ ಹೊರಟರು. ಈ ವಿಷಕ್ಕೆ ಒಂದು ಗುಣ ಇದೆ: ಸಣ್ಣ ಶಬ್ದ, ಬೆಳಕು, ಮುಟ್ಟುವಿಕೆ ಯಾವುದಾದರೂ ಸಾಕು, ಮೈಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿಯುತ್ತವೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ತಿರುವಿನಲ್ಲಿ ಹಾರ್ನ್ ಹಾಕಿದಾಗೆಲ್ಲ ಮಗು ಹಿಮ್ಮಡಿಯಿಂದ ತಲೆಯವರೆಗೆ ಬಿಲ್ಲಿನ ಹಾಗೆ ಬಾಗುತ್ತಿತ್ತಂತೆ. ಮೂರನೇ ತಿರುವಿನಲ್ಲಿ ಚಾಲಕನಿಗೆ ಅದು ಅರ್ಥವಾಯಿತು. ಆಮೇಲೆ ಮೂಡುಬಿದಿರೆಯವರೆಗೆ ಅವನು ಹಾರ್ನ್ ಮುಟ್ಟಲಿಲ್ಲ, ಎದುರಿನ ಬಸ್ಸುಗಳಿಗೆ ಕೈ ಹೊರಗೆ ಹಾಕಿ ಬೀಸುತ್ತಾ ಬಂದ. ಅಲ್ಲಿಂದ ಆಂಬುಲೆನ್ಸಿನಲ್ಲಿ, ಸೈರನ್ ಇಲ್ಲದೆ, ಮಂಗಳೂರಿಗೆ.

ಟೀಚರ್ ಹೇಳಿದ ಹೆಸರು ವೈದ್ಯರಿಗೆ ಖಚಿತವಾದದ್ದು ಪುಸ್ತಕದಿಂದ. ನನ್ನ ಎಲೆಯ ನರ, ನನ್ನ ಬಿಲ್ಲೆಯಂಥ ಬೀಜ ಅಷ್ಟು ಸರಿಯಾಗಿದ್ದವು.

ಭಾನುವಾರ ಬೆಳಗ್ಗೆ ನಾನು ಆಸ್ಪತ್ರೆಗೆ ಹೋದೆ. ಮಗು ವೆಂಟಿಲೇಟರಿನಲ್ಲಿತ್ತು. ಕೋಣೆಗೆ ಪರದೆ ಎಳೆದು ಕತ್ತಲು ಮಾಡಿದ್ದರು, ಕಿವಿಗೆ ಹತ್ತಿ. ಹೊರಗೆ ಬೆಂಚಿನಲ್ಲಿ ತಾಯಿ ಗುಲಾಬಿ, ಪಕ್ಕದಲ್ಲಿ ಪ್ರತೀಕ್ಷಾ, ಶನಿವಾರದ ಬಣ್ಣದ ಸಮವಸ್ತ್ರದಲ್ಲೇ. ತಂದೆ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದವರು, ರೈಲು ಹತ್ತಿದ್ದರು, ಇನ್ನೂ ತಲುಪಿರಲಿಲ್ಲ.

ನಾನು ಯಾರೆಂದು ಹೇಳಿದೆ. ಗುಲಾಬಿ ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ನಿಲ್ಲಲು ಸುಲಭ ಆಗುತ್ತಿತ್ತು. ಅವರು ತುಳುವಿನಲ್ಲಿ, ನೆಲ ನೋಡುತ್ತಾ, ತನಗೇ ಹೇಳಿಕೊಳ್ಳುವ ಹಾಗೆ ಮಾತಾಡಿದರು. ಶನಿವಾರ ಸಂಜೆ ಬೀಡಿ ಕೊಂಡುಹೋಗಿ ಕೊಡುವ ದಿನ, ಇನ್ನೂ ಇನ್ನೂರು ಕಟ್ಟಲು ಬಾಕಿ ಇತ್ತು, ಮೊರದಿಂದ ತಲೆ ಎತ್ತಲಿಲ್ಲ. ಮಗಳು ಬಂದು ಸಕ್ಕರೆ ಕೇಳಿದಳು. ಎಂತಕ್ಕೆ ಎಂದರೆ ಪುಸ್ತಕದ ಶರಬತ್ತು ಎಂದಳು.

“ಡಬ್ಬಿ ನಾನೇ ಕೊಟ್ಟದ್ದು ಅಕ್ಕ. ಎಂತ ಹಣ್ಣು ಅಂತ ನೋಡ್ಲಿಲ್ಲ. ಪುಸ್ತಕದ್ದು ಅಲ್ವಾ ಅಂತ.”

ಏನಾದರೂ ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪ್ರತೀಕ್ಷಾ ಮುಖ ಎತ್ತಿದಳು. ಅತ್ತಿರಲಿಲ್ಲ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಕನ್ನಡದಲ್ಲಿ ಹೇಳಿದಳು.

“ನಾನು ನಿಮ್ಮ ಹತ್ತಿರ ಕೇಳಿದ್ದೆ. ಹಕ್ಕಿಯ ಹಣ್ಣು ಅಂತ ಹೇಳಿದ್ರಿ. ತಿನ್ನಬಾರದು ಅಂತ ಹೇಳ್ಲಿಲ್ಲ.”

ಗುಲಾಬಿ ಅವಳ ತೊಡೆಗೆ ಮೆಲ್ಲಗೆ ತಟ್ಟಿ ಸುಮ್ಮನಿರಿಸಿದರು. ದೊಡ್ಡವರಿಗೆ ಹಾಗೆ ಹೇಳಬಾರದು ಎಂಬ ಹಾಗೆ. ನಾನು ಅವರ ಕೈ ಹಿಡಿದು ಹೌದು, ಅವಳು ಕೇಳಿದ್ದಳು, ನನಗೆ ಅದು ವಿಷ ಎಂದು ಗೊತ್ತಿತ್ತು, ಹೇಳಲಿಲ್ಲ ಎಂದೆ.  ಗುಲಾಬಿ ಕೈ ಬಿಡಿಸಿಕೊಂಡರು.

ಆ ಸಂಜೆ ನೇರವಾಗಿ ಬಂಟ್ವಾಳಕ್ಕೆ ಹೋದೆ. ಮಾಸ್ತರು ಅಂಗಳದಲ್ಲೇ ನಿಂತಿದ್ದರು, ಸುದ್ದಿ ತಲುಪಿತ್ತು. ಅವರು ಕೆಟ್ಟ ಮನುಷ್ಯ ಅಲ್ಲ, ಹೆದರಿದ್ದರು ಅಷ್ಟೆ. ಆ ಹಣ್ಣು ತಿನ್ನಿ ಎಂದು ನಾವು ಎಲ್ಲಿಯೂ ಬರೆದಿಲ್ಲ, ಪಠ್ಯದಲ್ಲಿ ಒಂದು ಅಕ್ಷರ ತಪ್ಪಿಲ್ಲ ಎಂದು ನಾಲ್ಕೈದು ಸಲ ಹೇಳಿದರು. ಒಂದು ಎಚ್ಚರಿಕೆಯ ಚೀಟಿ ಅಚ್ಚು ಹಾಕಿಸಿ ಶಾಲೆಗಳಿಗೆ ಕಳುಹಿಸುವ, ಟೀಚರುಗಳು ಅಂಟಿಸಲಿ ಎಂದರು.

“ಒಂದನೇ ಕ್ಲಾಸಿನ ಮಗು ಚೀಟಿ ಓದ್ತದಾ ಮಾಸ್ತರೇ?” ಎಂದು ಕೇಳಿದೆ. “ಅದು ಓದುವುದು ಚಿತ್ರ.”

ಮಾಸ್ತರು ಒಳಗೆ ಹೋಗಿ ಹದಿಮೂರು ಶಾಲೆಗಳ ಪಟ್ಟಿ ತಂದರು. ಕಾಸರಕ ಮರದಲ್ಲಿ ಹಣ್ಣು ಇನ್ನೂ ಒಂದೂವರೆ ಎರಡು ತಿಂಗಳು ಇರುತ್ತದೆ. ಅಷ್ಟರೊಳಗೆ ಐನೂರ ನಲವತ್ತು ಪುಸ್ತಕ ವಾಪಸ್ ಬರಬೇಕು. ಬರದಿದ್ದರೆ ಇನ್ನೊಂದು ಗುಡ್ಡೆಯಲ್ಲಿ ಇನ್ನೊಂದು ಮಗು. ಸೋಮವಾರದಿಂದ ಮಾಸ್ತರು ತಮ್ಮ ಸ್ಕೂಟರಿನಲ್ಲಿ ಪೊಳಲಿ ಕಡೆ, ನಾನು ಬಸ್ಸಿನಲ್ಲಿ ಬೆಳ್ತಂಗಡಿ ಕಡೆ ಎಂದು ಹಂಚಿಕೊಂಡೆವು.

ಶಾಲೆಗಳಲ್ಲಿ ಕೇಳಿದರೆ ಮೊದಲ ದಿನವೇ ಮುನ್ನೂರ ಚಿಲ್ಲರೆ ಬಂತು. ಉಳಿದದ್ದು ಕಷ್ಟ. ಮಕ್ಕಳಿಗೆ ಕೊಡಲು ಮನಸ್ಸಿಲ್ಲ. ನಿಮ್ಮದೇ ಸಹಿ ಉಂಟು, ಈಗ ಯಾಕೆ ಕೇಳ್ತೀರಿ ಎಂದು ಒಬ್ಬಳು ಪುಸ್ತಕದ ಮೇಲೆ ಕುಳಿತುಬಿಟ್ಟಳು. ಇನ್ನೊಬ್ಬ ಹುಡುಗ ಮಂಗಟ್ಟೆಯ ಚಿತ್ರವನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದ. ಅವನ ಅಜ್ಜಿ ಬಿಸಿನೀರು ಹಾಕಿ, ಸುಣ್ಣ ಕೆರೆದು ತೆಗೆದು ಕೊಟ್ಟರು. ಮನೆ ಮನೆಗೆ ಹೋಗಿ, ಇದು ಯಾಕೆ ಎಂದು ಹೇಳಿ, ಒಂದೊಂದೇ ಪ್ರತಿ ಚೀಲಕ್ಕೆ ಹಾಕಿಕೊಂಡು ಬರುವಾಗ ಸಂಜೆಯಾಗುತ್ತಿತ್ತು. ಕೆಲವರು ಕಾಫಿ ಕೊಟ್ಟರು. ಒಂದು ಮನೆಯಲ್ಲಿ ಯಜಮಾನರು, “ಇಂಥದ್ದು ಬರೆದು ಕೊಟ್ಟದ್ದು ನೀವೇ, ಈಗ ಹೆಕ್ಕಲಿಕ್ಕೆ ಬಂದದ್ದೂ ನೀವೇ,” ಎಂದು ಗೇಟಿನಲ್ಲೇ ಪುಸ್ತಕ ಕೊಟ್ಟು ಗೇಟು ಹಾಕಿದರು. ಅದು ಸರಿಯಾದ ಮಾತೇ.

ಮೂರನೇ ವಾರ ಬೆಳ್ತಂಗಡಿ ಕಡೆಯ ಒಂದು ಮನೆಯಲ್ಲಿ ಎರಡನೇ ತರಗತಿಯ ಹುಡುಗಿ ಪುಸ್ತಕದ ಜೊತೆಗೆ ತನ್ನ ಪೆನ್ಸಿಲ್ ಡಬ್ಬಿಯನ್ನೂ ತಂದು ತೋರಿಸಿದಳು. ಒಳಗೆ ಬೂದು ಬಣ್ಣದ, ಚಪ್ಪಟೆಯಾದ ಏಳು ಬೀಜ, ಚಿತ್ರದಲ್ಲಿದ್ದ ಹಾಗೆಯೇ. ಪುನರ್ಪುಳಿ ಆದ ಮೇಲೆ ಎರಡನ್ನೂ ಸೇರಿಸಿ ಶರಬತ್ತು ಮಾಡುತ್ತೇನೆ ಎಂದು ಇಟ್ಟುಕೊಂಡಿದ್ದಾಳೆ ಎಂದು ಅವಳ ಅಮ್ಮ ನಗುತ್ತಾ ಹೇಳಿದರು. ಅದು ಏನೆಂದು ನಾನು ಹೇಳಿದ ಮೇಲೆ ಅವರು ಮಗಳ ಕೈಯಿಂದ ಡಬ್ಬಿ ಕಸಿದುಕೊಂಡರು. ಆ ದಿನದ ಡೈರಿಯಲ್ಲಿ ಬೇರೇನೂ ಇಲ್ಲ, ‘ಏಳು ಬೀಜ’ ಎಂದಷ್ಟೇ ಇದೆ.

ಶ್ರಾವ್ಯ ಬದುಕಿದಳು. ನಾಲ್ಕು ದಿನ ವೆಂಟಿಲೇಟರಿನಲ್ಲಿ, ಮತ್ತೆ ಎಂಟು ದಿನ ವಾರ್ಡಿನಲ್ಲಿ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ಪಾತ್ರೆ ಬಿದ್ದ ಸದ್ದಿಗೆ ಚೀರುತ್ತಿದ್ದಳು, ಮೂಲೆಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಿಧಾನವಾಗಿ ಹೋಗುತ್ತದೆ ಎಂದರು ವೈದ್ಯರು. ಪ್ರತೀಕ್ಷಾ ಮೂರು ವಾರ ಶಾಲೆಗೆ ಹೋಗಲಿಲ್ಲ. ಹೋಗಲು ಶುರು ಮಾಡಿದ ಮೇಲೆ ಗ್ರಂಥಾಲಯದ ಪೀರಿಯಡಿನಲ್ಲಿ ಪುಸ್ತಕ ಮುಟ್ಟುವುದಿಲ್ಲ, ಕೈ ಕಟ್ಟಿ ಕುಳಿತಿರುತ್ತಾಳೆ ಎಂದು ವಿನಯಾ ಟೀಚರ್ ಹೇಳಿದರು.

ಏಪ್ರಿಲ್ ಮೊದಲ ವಾರಕ್ಕೆ ಮೂರು ಪುಸ್ತಕ ಬಾಕಿ ಉಳಿದವು. ಅವುಗಳಲ್ಲಿ ಒಂದು ಪ್ರತೀಕ್ಷಾಳದ್ದು. ಅಷ್ಟು ದಿನ ಆ ಮನೆಗೆ ಹೋಗಲು ನನ್ನಿಂದ ಆಗಿರಲಿಲ್ಲ. ಕೊನೆಗೆ ಹೋದೆ. ಗುಲಾಬಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಈ ಸಲ ತಲೆ ಎತ್ತಿ ನೋಡಿದರು, ಕುಳಿತುಕೊಳ್ಳಲು ಹೇಳಿದರು, ನೀರು ಬೆಲ್ಲ ಕೊಟ್ಟರು. ಶ್ರಾವ್ಯ ಅವರ ಬೆನ್ನಿಗೆ ಅಂಟಿಕೊಂಡೇ ಇದ್ದಳು. ಬಂದ ಕಾರಣ ಹೇಳಿದೆ. ಮಗಳನ್ನು ಕರೆದರು.

ಪ್ರತೀಕ್ಷಾ ಪುಸ್ತಕವನ್ನು ಅಕ್ಕಿಯ ಡ್ರಮ್ಮಿನ ಹಿಂದಿನಿಂದ ತಂದಳು. ನನ್ನ ಕೈಗೆ ಕೊಡಲಿಲ್ಲ. ತಾನೇ ಹತ್ತೊಂಬತ್ತನೇ ಪುಟ ತೆಗೆದು ನನಗೆ ಕಾಣುವ ಹಾಗೆ ಹಿಡಿದಳು. ನಾಲ್ಕು ಹಣ್ಣುಗಳಿಂದಲೂ ಪೆನ್ಸಿಲಿನ ಗೆರೆ ಎಳೆದು, ಪಠ್ಯಪುಸ್ತಕದ ಚಿತ್ರಗಳಲ್ಲಿ ಭಾಗಗಳನ್ನು ಗುರುತಿಸುವ ಹಾಗೆ, ದುಂಡು ಅಕ್ಷರದಲ್ಲಿ ಬರೆದಿದ್ದಳು: ‘ಕಾಯರ್. ವಿಷ. ಹಕ್ಕಿಗೆ ಏನೂ ಆಗುವುದಿಲ್ಲ. ಮಕ್ಕಳು ತಿನ್ನಬಾರದು. ತಂಗಿಗೆ ಕೊಡಬಾರದು.’ ಓದಲು ಬಾರದವರಿಗೆಂದು ಹಣ್ಣುಗಳ ಮೇಲೆ ಕೆಂಪು ಕ್ರೇಯಾನಿನಲ್ಲಿ ದೊಡ್ಡ ಅಡ್ಡಗೀಟು ಹಾಕಿದ್ದಳು.

“ನೀವು ಬರೆಯಲಿಲ್ಲ,” ಎಂದಳು. “ನಾನು ಬರೆದೆ. ಇದು ಈಗ ಸರಿ ಉಂಟು. ಇದನ್ನು ಕೊಡುವುದಿಲ್ಲ.”

ಕೊಡು ಎಂದು ಗುಲಾಬಿ ಗದರಿಸಲು ಹೊರಟರು. ನಾನು ಬೇಡ ಎಂದೆ. ಅಚ್ಚಾದ ಆರುನೂರು ಪ್ರತಿಗಳಲ್ಲಿ ತಪ್ಪಿಲ್ಲದ್ದು ಅದೊಂದೇ ಆಗಿತ್ತು.

ಉಳಿದವನ್ನೆಲ್ಲ ಹರಿದು ರದ್ದಿ ಮಾಡಿದೆವು. ಮಾಸ್ತರು ಆಮೇಲೆ ಪುಸ್ತಕ ಪ್ರಕಟಿಸಲಿಲ್ಲ. ನಾನು ಒಂದು ವರ್ಷ ಕುಂಚ ಹಿಡಿಯಲಿಲ್ಲ. ಮತ್ತೆ ಹಿಡಿದೆ, ಬೇರೆ ಕೆಲಸ ಬರುವುದಿಲ್ಲವಲ್ಲ. ಈಗ ಪರಿಶೀಲನೆಗೆ ಕಳುಹಿಸುವಾಗ ಇಡೀ ಪುಸ್ತಕ ಕಳುಹಿಸುತ್ತೇನೆ, ಪುಟದಲ್ಲಿ ಕಾಣುವ ಪ್ರತಿ ಗಿಡ, ಹುಳ, ಬಾಟಲಿ, ತಂತಿಯ ಹೆಸರು ಪಟ್ಟಿ ಮಾಡಿ. ಆಕಾಶ ಖಾಲಿ ಇದ್ದರೆ ಖಾಲಿ ಬಿಡುತ್ತೇನೆ. ದೊಡ್ಡವರು ಪುಟದ ನಡುವೆ ನೋಡುತ್ತಾರೆ, ಮಕ್ಕಳು ಮೂಲೆ ನೋಡುತ್ತಾರೆ. ನಾವು ಅಲಂಕಾರಕ್ಕೆ ಇಟ್ಟದ್ದನ್ನು ಅವರು ಮಾಹಿತಿ ಎಂದು ತೆಗೆದುಕೊಳ್ಳುತ್ತಾರೆ. ಇಪ್ಪತ್ತೊಂದು ವರ್ಷ ಮಾಡಿದ ಮೇಲೆ ನನಗೆ ಈ ಕೆಲಸ ಕಲಿಸಿದ್ದು ಇದು. ಇನ್ನೊಂದು, ಮಗು ಏನಾದರೂ ಕೇಳಿದರೆ ಸಹಿ ಹಾಕುವುದು ನಿಲ್ಲಿಸಿ ಪೂರ್ತಿ ಉತ್ತರ ಕೊಡುತ್ತೇನೆ. ಎರಡು ಬಸ್ಸು ತಪ್ಪಿಸಿಕೊಂಡಿದ್ದೇನೆ.

ಬಾಕಿ ಎರಡು ಪ್ರತಿಗಳಲ್ಲಿ ಒಂದು, ಊರು ಬಿಟ್ಟು ಹೋದ ಕೆಲಸಗಾರರ ಕುಟುಂಬವೊಂದರ ಮಗುವಿನದ್ದು. ಇನ್ನೊಂದು ಬಸ್ಸಿನಲ್ಲಿ ಬಿಟ್ಟುಹೋಯಿತು ಎಂದು ಹೇಳಿದರು. ಯಾವ ಬಸ್ಸು, ಯಾರು ಒಯ್ದರು, ಗೊತ್ತಿಲ್ಲ. ಪ್ರತಿ ಜನವರಿಯಲ್ಲಿ ಕಾಸರಕ ಬಣ್ಣ ತಿರುಗುವ ಹೊತ್ತಿಗೆ ಹದಿಮೂರು ಶಾಲೆಗಳಿಗೂ ಫೋನ್ ಮಾಡಿ, ಆ ಪುಸ್ತಕ ಎಲ್ಲಾದರೂ ಕಂಡಿತೇ ಎಂದು ಕೇಳುತ್ತೇನೆ. ಹೊಸ ಟೀಚರುಗಳಿಗೆ ಮೊದಲಿನಿಂದ ಹೇಳಬೇಕಾಗುತ್ತದೆ. ಈ ವರ್ಷವೂ ಹೇಳಿದೆ. ಈ ವರ್ಷವೂ ಸಿಗಲಿಲ್ಲ.